ಹಲಸಂಗಿಯ ಮಧುರಚೆನ್ನರು

ಪ್ರೌಢಶಾಲೆಯ ವ್ಯಾಸಂಗವನ್ನು ಮುಗಿಸಿದ ಬಾಲೆಯರಲ್ಲಿ ಕೆಲವರು ಕಾಲೇಜನ್ನು ಸೇರುವರು; ಕೆಲವರಿಗೆ ಮನೆಯ ಅಡಚಣೆಗಳಿಂದ ಆ ಭಾಗ್ಯವು ದೊರೆಯುವುದಿಲ್ಲ. ಹತ್ತು ಜನರನ್ನು ಕೂಡಿಸಿಕೊಂಡು ಕಾರ್ಯವೆಸಗುವ ಶಕ್ತಿಯು ಕಾಲೇಜಿನ ಸಂಘ-ಸಭೆಗಳಲ್ಲಿಯೇ ಬೆಳೆಯತಕ್ಕದ್ದೆಂಬ ಭಾವನೆಯು ತಂದೆತಾಯಿಗಳಲ್ಲಿಯೂ ಇರುವುದರಿಂದ, ಹಿಂದುಳಿದ ಬಾಲೆಯ ಮನಸ್ಸು ಕುಗ್ಗುವುದು ಸಹಜವೇ. ಅಂಥವರ ಸಲುವಾಗಿ, ಕಾಲೇಜಿನ ಮೆಟ್ಟಿಲನ್ನೇ ಹತ್ತದ ಓರ್ವ ಕನ್ನಡಿಗರ ಚರಿತ್ರೆಯನ್ನು ಇಲ್ಲಿ ಬರೆಯಬೇಕೆಂದು ಮನಸ್ಸಾಯಿತು.

ಅವರ ಹೆಸರು ಚೆನ್ನಮಲ್ಲಪ್ಪ ಗಲಗಲಿ. ನಾಡು ಅವರನ್ನು ಬಲ್ಲುದು ಮಧುರಚೆನ್ನರೆಂಬ ಕಾವ್ಯನಾಮದಿಂದ. 1903 ರಲ್ಲಿ ಜನಿಸಿದ ಅವರ ಬಾಳು ವಿಜಾಪುರ ಜಿಲ್ಲೆಯ ಇಂಡಿ ಸೀಮೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ಸಾಗಿತು. ಅಂದಿನ ಮುಂಬಯಿ ಇಲಾಖೆಯಲ್ಲಿ ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯು ನಡೆಯುತ್ತಿದ್ದಿತು. ಅದರಲ್ಲಿ ತೇರ್ಗಡೆ ಹೊಂದಿದವನಿಗೆ ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ದೊರೆಯಬಹುದಾಗಿತ್ತು. ಚೆನ್ನಮಲ್ಲಪ್ಪನವರ ಶಾಲೆಯ ಕಲಿಕೆಯು ಆ ಪರೀಕ್ಷೆಯೊಡನೆಯೇ ಮುಗಿಯಿತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917 ರಲ್ಲಿ ಆರಂಭವಾಗಿದ್ದಿತಾದರೂ ಹಲಸಂಗಿಯ ಹುಡುಗನಿಗೆ ಅದು ಬಹುದೂರ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918 ರಲ್ಲಿ ಪದವೀಧರರಾದ ದ. ರಾ. ಬೇಂದ್ರೆಯವರು ಧಾರವಾಡದಲ್ಲಿ ಗೆಳೆಯರ ಗುಂಪನ್ನು ಕಟ್ಟಿದಂತೆಯೇ, ಪದವಿಯಿಲ್ಲದ ಇವರು ಹಲಸಂಗಿಯಲ್ಲಿ ಗೆಳೆಯರನ್ನು ಕೂಡಿಸಿದರು. ಮುಂದೆ ಈ ಇಬ್ಬರಲ್ಲಿ ಸೋದರರಂಥ ಸ್ನೇಹವು ಬೆಳೆಯಿತು.

ಇಂಗ್ಲೀಷನ್ನೂ ಸಂಸ್ಕೃತವನ್ನೂ ಅವರು ಸ್ವಪ್ರಯತ್ನದಿಂದ ಕಲಿತರು. ಹಳಗನ್ನಡವನ್ನು ಅಭ್ಯಸಿಸಿ ಶಿಲಾಶಾಸನಗಳನ್ನು ಓದುವಷ್ಟು ಪರಿಶ್ರಮವನ್ನು ಪಡೆದರು. ಆದರೆ ಕಲಿತುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದವರು ಅವರ ಸುತ್ತಲೂ ನೆರೆದರು. ಹಿಂದುವೆಂದಾಗಲಿ ಮುಸಲ್ಮಾನನೆಂದಾಗಲಿ ಆ ಕೂಟದಲ್ಲಿ ಭೇದವಿರಲಿಲ್ಲ.

ಇವರು ಕೈಕೊಂಡ ಕಾರ್ಯವನ್ನು ನಮ್ಮ ಭಗಿನಿಯರು ವಿಶೇಷವಾಗಿ ಗಮನಿಸಬೇಕು. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರು ತವರನ್ನೂ ಅಣ್ಣತಮ್ಮಂದಿರನ್ನೂ ತೊಟ್ಟಿಲ ಕೂಸನ್ನೂ ನೆನೆದು ತ್ರಿಪದಿಗಳನ್ನು ಹಾಡುತ್ತಿದ್ದರು. ಅಕ್ಷರವರಿಯದ ಹೆಂಗಸರ ಆ ಹಾಡುಗಳನ್ನು ಓದುಬಲ್ಲವರು ಸಾಹಿತ್ಯವೆಂದು ಎಣಿಸುತ್ತಿರಲಿಲ್ಲ. ಹಿಟ್ಟಿನ ಗಿರಣಿಗಳು ಬರತೊಡಗಿದ ಮೇಲೆ ಬೀಸುವ ಕಲ್ಲಿನೊಡನೆ ಹಾಡೂ ಮೂಲೆಗೆ ಸೇರುವಂತಾಯಿತು. ಹಾಡುವ ಮುದುಕಿಯು ತೀರಿಕೊಂಡರೆ ಅವಳ ಹಾಡು ಅವಳೊಡನೆಯೇ ಹೋಯಿತು, ಅದಕ್ಕೆ ಪ್ರತಿಯೆಲ್ಲಿ? ಈ ಯುವಕರು ಅವುಗಳನ್ನು ಕೇಳಿ ಬರೆದುಕೊಂಡರು. ಗಂಡಸರೆದುರು ಹಾಡಲು ಹೆಂಗಸರು ನಾಚುವ ನಾಡಿನಲ್ಲಿ ಅದು ತಾಳ್ಮೆಯನ್ನೂ ಸನ್ನಡತೆಯನ್ನೂ ಬೇಡುವ ಕೆಲಸ. 1931 ರಲ್ಲಿ "ಗರತಿಯ ಹಾಡು" ಪ್ರಕಟವಾದಾಗ ಪಂಡಿತರು ಬೆರಗಾದರು. ತರುವಾಯ ಲಾವಣಿಗಳ ಸಂಗ್ರಹವಾದ "ಜೀವನ ಸಂಗೀತ"ವೂ ರೇವಪ್ಪನವರ "ಮಲ್ಲಿಗೆ ದಂಡೆ"ಯೂ ಹೊರಬಂದವು.

ಇಷ್ಟನ್ನೆಲ್ಲ ಮಾಡಿದವರನ್ನು ನಾಡು ಇಂದಿಗೂ ಹಲಸಂಗಿಯ ಗೆಳೆಯರೆಂದು ಒಟ್ಟಾಗಿ ಸ್ಮರಿಸುತ್ತದೆ. ಒಬ್ಬರ ಹೆಸರು ಮುಂದೆ, ಉಳಿದವರದು ಹಿಂದೆ ಎಂಬುದಿಲ್ಲ. ಮುಂದಾಳುತನವೆಂದರೆ ವೇದಿಕೆಯನ್ನೇರಿ ಮಾತನಾಡುವುದೆಂದು ತಿಳಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ನನಗಂತೂ ಮಧುರಚೆನ್ನರ ಹಿರಿಮೆಯು ಇಲ್ಲಿಯೇ ಇದೆ ಎನಿಸುತ್ತದೆ.

ಅವರ ಅಂತರಂಗವು ಮಾತ್ರ ಬಹುಕಾಲ ಶಾಂತವಾಗಿರಲಿಲ್ಲ. ದೇವರಿರುವನೋ ಇಲ್ಲವೋ ಎಂಬ ಸಂಶಯದಿಂದ ಅವರು ಬೆಂದರು. ಆ ತೊಳಲಾಟವನ್ನು "ಪೂರ್ವರಂಗ", "ಕಾಳರಾತ್ರಿ", "ಬೆಳಗು" ಎಂಬ ಆತ್ಮಕಥನಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಸ್ಪೇನ್ ದೇಶದ ಸಂತ ಯೋಹಾನನು ಆತ್ಮದ ಕತ್ತಲಿರುಳೆಂದು ವರ್ಣಿಸಿದ ಸ್ಥಿತಿಯನ್ನು ಕ್ರೈಸ್ತ ವಾಚಕರು ಇಲ್ಲಿ ನೆನೆಯಬಹುದು. ಕಡೆಗೆ ಪಾಂಡಿಚೇರಿಯ ಶ್ರೀ ಅರವಿಂದರಲ್ಲಿ ಅವರಿಗೆ ಗುರುವು ದೊರೆತನು. "ನನ್ನ ನಲ್ಲ" ಎಂಬ ಅವರ ಕವನವು ಭಗವಂತನನ್ನು ಪ್ರಿಯನೆಂದು ಅರಸುವ ಹಂಬಲದಿಂದ ತುಂಬಿದೆ. ಅದರ ನುಡಿಯಲ್ಲಿ ಬೀಸುವ ಪದಗಳ ಸೊಗಡೂ ಇದೆ.

1953 ರ ಅಗಸ್ಟ್ 15 ರಂದು, ಐವತ್ತರ ಪ್ರಾಯದಲ್ಲಿಯೇ, ಮಧುರಚೆನ್ನರು ದೇಹವನ್ನಿಟ್ಟರು. ಗೆಳೆಯರಲ್ಲಿ ಸಿಂಪಿ ಲಿಂಗಣ್ಣನವರು ದೀರ್ಘಕಾಲ ಬಾಳಿ ಜಾನಪದದ ಕಾರ್ಯವನ್ನು ಮುಂದುವರಿಸಿದರು. ಕನ್ನಡ ಶಾಲೆಯ ಶಿಕ್ಷಕರಾಗಿದ್ದ ಅವರನ್ನು 1993 ರಲ್ಲಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನವು ತನ್ನ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು.