ಸದಸ್ಯರೇ ನಡೆಸುವ ರೈಲು: ವೇಲ್ಸಿನ ಟಾಲಿಲಿನ್ ಮತ್ತು ಅದರ ಪುಟ್ಟ ಸಂಗ್ರಹಾಲಯ

ಬ್ರಿಟನ್ನಿನ ವೇಲ್ಸ್ ನಾಡಿನ ಪಶ್ಚಿಮ ಕರಾವಳಿಯಲ್ಲಿ ಟವಿನ್ ಎಂಬ ಸಣ್ಣ ಊರಿದೆ. ಅಲ್ಲಿಂದ ಹೊರಡುವ ಟಾಲಿಲಿನ್ ರೈಲು ಬೆಟ್ಟಗಳ ನಡುವಿನ ಕಣಿವೆಯಲ್ಲಿ ಸುಮಾರು ಹನ್ನೊಂದೂವರೆ ಕಿಲೋಮೀಟರ್ ಒಳಕ್ಕೆ ಸಾಗುತ್ತದೆ. ಇದರ ಎರಡು ಕಂಬಿಗಳ ನಡುವಿನ ಅಂತರ 2 ಅಡಿ 3 ಅಂಗುಲ. ಭಾರತದ ಬ್ರಾಡ್‌ಗೇಜ್ ಹಳಿಯ ಅಂತರ 5 ಅಡಿ 6 ಅಂಗುಲ. ಅದರ ಅರ್ಧದಷ್ಟೂ ಇದಿಲ್ಲ. ಇಷ್ಟು ಪುಟ್ಟ ರೈಲಿಗೆ ಜಗತ್ತಿನ ರೈಲು ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಮುಚ್ಚಿಹೋಗಲಿದ್ದ ಒಂದು ರೈಲುಮಾರ್ಗವನ್ನು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ವಹಿಸಿಕೊಂಡು ಉಳಿಸಿದ್ದು ಮೊದಲು ಇಲ್ಲಿಯೇ, 1951ರಲ್ಲಿ.

ಈ ಮಾರ್ಗ ಹುಟ್ಟಿದ್ದು ಸ್ಲೇಟು ಕಲ್ಲಿಗಾಗಿ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತುಹೋಯಿತು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಾದ ಮೆಕಾನೆಲ್ ಕುಟುಂಬದವರು ಬೇರೆ ಉದ್ಯಮ ಹುಡುಕುತ್ತ ವೇಲ್ಸಿನ ಬ್ರಿನ್ ಎಗ್ಲೂಯಿಸ್ ಕಲ್ಲುಗಣಿಯಲ್ಲಿ ಹಣ ಹೂಡಿದರು. ಗಣಿಯ ಕಲ್ಲನ್ನು ಕರಾವಳಿಗೆ ಸಾಗಿಸಲು ಹಳಿ ಬೇಕಾಯಿತು. 1865ರಲ್ಲಿ ಬ್ರಿಟಿಷ್ ಸಂಸತ್ತು ಇದಕ್ಕಾಗಿ ಕಾಯಿದೆ ಮಾಡಿತು. ಮರುವರ್ಷ ಪ್ರಯಾಣಿಕರಿಗೂ ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿಗೆ ಒಂದು ದೋಷ ಕಂಡಿತು. ಹಳಿಯ ಮೇಲಿನ ಸೇತುವೆಗಳು ಎಷ್ಟು ಇಕ್ಕಟ್ಟಾಗಿದ್ದವೆಂದರೆ, ಅವುಗಳ ಕೆಳಗೆ ರೈಲು ಕೆಟ್ಟು ನಿಂತರೆ ಬಾಗಿಲು ತೆರೆಯಲು ಜಾಗವಿರಲಿಲ್ಲ. ಸೇತುವೆ ಕೆಡವುವುದಕ್ಕೆ ಬದಲು ಹಳಿಯನ್ನೇ ಒಂದು ಬದಿಗೆ ಸರಿಸಿ, ಡಬ್ಬಿಗಳ ಇನ್ನೊಂದು ಬದಿಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಲಾಯಿತು. ಇಂದಿಗೂ ಪ್ರಯಾಣಿಕರು ಒಂದೇ ಬದಿಯಿಂದ ಹತ್ತಿ ಇಳಿಯುತ್ತಾರೆ.

ಆಗ ಇದ್ದ ಎಂಜಿನ್‌ಗಳು ಎರಡೇ ಎರಡು. 1864ರ ‘ಟಾಲಿಲಿನ್’ ಮತ್ತು 1866ರ ‘ಡೋಲ್ಗೋಖ್’. ಎರಡನ್ನೂ ಕಟ್ಟಿದ್ದು ಇಂಗ್ಲೆಂಡಿನ ವೈಟ್‌ಹೇವನ್ ಪಟ್ಟಣದ ಫ್ಲೆಚರ್ ಜೆನಿಂಗ್ಸ್ ಕಂಪನಿ. ಎಂಬತ್ತಕ್ಕೂ ಹೆಚ್ಚು ವರ್ಷ ಇಡೀ ಮಾರ್ಗದ ಭಾರ ಈ ಎರಡರ ಮೇಲೆಯೇ ಇತ್ತು. 1911ರಲ್ಲಿ ಸ್ಥಳೀಯ ಸಂಸದ ಹೇಡನ್ ಜೋನ್ಸ್ ಗಣಿಯನ್ನೂ ರೈಲನ್ನೂ ಕೊಂಡರು. ಸ್ಲೇಟಿನ ಬೇಡಿಕೆ ಕುಸಿಯುತ್ತಿದ್ದರೂ ಊರವರ ಕೆಲಸ ಹೋಗಬಾರದೆಂದು ನಡೆಸಿದರು. 1946ರ ಡಿಸೆಂಬರ್ 26ರಂದು ಗಣಿಯೊಳಗೆ ಕಲ್ಲು ಕುಸಿದು ಗಣಿ ಮುಚ್ಚಿತು. ಆದರೂ ತಾವು ಬದುಕಿರುವವರೆಗೆ ರೈಲು ಓಡಿಸುವುದಾಗಿ ಹೇಳಿದ್ದ ಅವರು ಆ ಮಾತಿಗೆ ತಪ್ಪಲಿಲ್ಲ. 1948ರಲ್ಲಿ ಬ್ರಿಟನ್ನಿನ ಬಹುಪಾಲು ರೈಲುಗಳು ಸರ್ಕಾರದ ಪಾಲಾದಾಗ ಈ ಮಾರ್ಗ ಆ ಪಟ್ಟಿಯಲ್ಲಿ ಸೇರಲಿಲ್ಲ. ಹಾಗಾಗಿ 1950ರ ಜುಲೈ 2ರಂದು ಹೇಡನ್ ಜೋನ್ಸ್ ತೀರಿಕೊಂಡಾಗ ಇದಕ್ಕೆ ದಿಕ್ಕೇ ಇಲ್ಲದಂತಾಯಿತು. ಸ್ಲೀಪರ್‌ಗಳು ಕೊಳೆತಿದ್ದವು, ಎಷ್ಟೋ ಕಡೆ ಹುಲ್ಲಿನ ಬೇರುಗಳೇ ಕಂಬಿಗಳನ್ನು ಹಿಡಿದಿಟ್ಟಿದ್ದವು.

ಆಗ ಮುಂದೆ ಬಂದವರು ಟಾಮ್ ರೋಲ್ಟ್ ಎಂಬ ಲೇಖಕ ಮತ್ತು ಅವರ ಗೆಳೆಯರು. 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಅವರು ಸಾರ್ವಜನಿಕ ಸಭೆ ಕರೆದರು. ಸುಮಾರು ಎಪ್ಪತ್ತು ಮಂದಿ ಸೇರಿದರು. ರೈಲು ಓಡಿಸುವುದು ಹವ್ಯಾಸಿಗಳ ಕೈಲಾಗುವ ಕೆಲಸವೇ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ, ಏಕೆಂದರೆ ಯಾರೂ ಅದುವರೆಗೆ ಪ್ರಯತ್ನಿಸಿರಲಿಲ್ಲ. ಸಭೆ ಪ್ರಯತ್ನಿಸಲು ನಿರ್ಧರಿಸಿ, ಸಂಘ ಕಟ್ಟಲು ಒಂದು ಸಮಿತಿಯನ್ನು ಆರಿಸಿತು. ಹೇಡನ್ ಜೋನ್ಸರ ಪತ್ನಿ ರೈಲು ಕಂಪನಿಯ ಷೇರುಗಳನ್ನು ಒಪ್ಪಿಸಲು ಮುಂದಾದರು. ಷೇರುಗಳನ್ನು ಹೊಂದಲು ಬೇರೆ ಕಂಪನಿಯೊಂದನ್ನು ಕಟ್ಟಿ, ಅದರ ಆಡಳಿತದಲ್ಲಿ ಅವರ ಕಡೆಯವರಿಗೂ ಹೊಸ ಸಂಘದವರಿಗೂ ಸ್ಥಾನ ಕೊಡಲಾಯಿತು. ಉತ್ಸಾಹದ ಭರದಲ್ಲಿ ಈ ಏರ್ಪಾಟಿನ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಆದರೆ ಆಸ್ತಿ ಯಾರದು, ಮಾತು ಯಾರದು ಎಂಬುದು ಆರಂಭದಲ್ಲೇ ಇತ್ಯರ್ಥವಾದದ್ದು ಈ ಸಂಘದ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣ.

ಹಳೆಯ ನೌಕರರನ್ನು ಬಿಡಬಾರದೆಂಬುದು ಇನ್ನೊಂದು ಒಳ್ಳೆಯ ತೀರ್ಮಾನ. ಹೇಡನ್ ಜೋನ್ಸರ ಕಾಲದಲ್ಲಿ ವ್ಯವಸ್ಥಾಪಕರಾಗಿದ್ದ ಎಡ್ವರ್ಡ್ ಥಾಮಸ್ ಹೊಸಬರಿಗೆ ಮಾರ್ಗದರ್ಶಕರಾದರು. 1951ರ ಮೇ 14ರಂದು ಸಂಘದ ಮೊದಲ ರೈಲು ಹೊರಟಾಗ ಸುಮಾರು 650 ಮಂದಿ ಸದಸ್ಯರಾಗಿದ್ದರು. ಮಾರ್ಗದ ಉದ್ದಕ್ಕೂ ಓಡುವಷ್ಟು ಧೈರ್ಯ ಇನ್ನೂ ಇರಲಿಲ್ಲ. ಆ ದಿನ ರೈಲು ರಿಡರೋನೆನ್ ನಿಲ್ದಾಣದವರೆಗೆ ಮಾತ್ರ ಹೋಗಿಬಂದಿತು.

ಅದೇ ವರ್ಷ ಸಂಘ ಒಂದು ಪಾಠವನ್ನೂ ಕಲಿಯಿತು. ನೆರೆಯ ಕಾರಿಸ್ ರೈಲುಮಾರ್ಗ 1948ರಲ್ಲಿ ಮುಚ್ಚಿತ್ತು. ಅದರ ಹಳಿಯ ಅಳತೆಯೂ 2 ಅಡಿ 3 ಅಂಗುಲವೇ ಆಗಿದ್ದದ್ದು ದೊಡ್ಡ ಅದೃಷ್ಟ. ಅಲ್ಲಿ ಸುಮ್ಮನೆ ನಿಂತಿದ್ದ ಎರಡು ಎಂಜಿನ್‌ಗಳನ್ನು ಒಂದಕ್ಕೆ 25 ಪೌಂಡಿನಂತೆ ಕೊಂಡು, ಅವಕ್ಕೆ ‘ಸರ್ ಹೇಡನ್’, ‘ಎಡ್ವರ್ಡ್ ಥಾಮಸ್’ ಎಂದು ಹೆಸರಿಟ್ಟರು. ‘ಸರ್ ಹೇಡನ್’ ಓಡುವ ಸ್ಥಿತಿಯಲ್ಲೇ ಇತ್ತು. ಆದರೆ ಅದನ್ನು ಹಳಿಯ ಮೇಲೆ ತಂದಾಗ ಚಕ್ರಗಳು ಕಂಬಿಗಳ ನಡುವೆ ಕುಸಿದು ಬೀಳತೊಡಗಿದವು. ಕಂಬಿಗಳ ಅಂತರ ಹೇಳಿದ ಅಳತೆಗಿಂತ ತುಸು ಹೆಚ್ಚಾಗಿತ್ತು. ಈ ಎಂಜಿನ್ನಿನ ಚಕ್ರದ ಅಗಲವೋ ಕಡಿಮೆ. ‘ಎಡ್ವರ್ಡ್ ಥಾಮಸ್’ಗೆ ದೊಡ್ಡ ದುರಸ್ತಿಯೇ ಬೇಕಿತ್ತು. ‘ಟಾಲಿಲಿನ್’ ಎಷ್ಟೋ ವರ್ಷಗಳಿಂದ ಕೆಟ್ಟು ಕುಳಿತಿತ್ತು. ಹೀಗಾಗಿ 85 ವರ್ಷದ ‘ಡೋಲ್ಗೋಖ್’ ಒಂದೇ ಆ ವರ್ಷದ ಓಡಾಟವನ್ನು ಬಹುಮಟ್ಟಿಗೆ ನಿಭಾಯಿಸಿತು.

ಎಂಜಿನ್ ಎಲ್ಲರ ಕಣ್ಣಿಗೂ ಚೆಂದ. ಸ್ಲೀಪರ್ ಬದಲಿಸುವ ಕೆಲಸವನ್ನು ಯಾರೂ ನಿಂತು ನೋಡುವುದಿಲ್ಲ. ಆದರೂ ಹಣವೂ ಶ್ರಮವೂ ಮೊದಲು ಹಳಿಗೆ ಹೋಗಬೇಕೆಂಬುದು ಸಂಘಕ್ಕೆ ಮನದಟ್ಟಾಯಿತು. ವಾರಾಂತ್ಯಗಳಲ್ಲಿ ದೂರದ ಊರುಗಳಿಂದ ಬಂದ ಗುಮಾಸ್ತರು, ಶಿಕ್ಷಕರು, ವಿದ್ಯಾರ್ಥಿಗಳು ಹುಲ್ಲು ಕಿತ್ತರು, ಕಂಬಿ ಹೊತ್ತರು. 1953ರಲ್ಲಿ ಸೈನ್ಯದ ಎಂಜಿನಿಯರ್ ದಳದವರು ತರಬೇತಿಯ ಭಾಗವಾಗಿ ಹಳಿ ಹಾಕಿಕೊಟ್ಟರು. ‘ಎಡ್ವರ್ಡ್ ಥಾಮಸ್’ ಎಂಜಿನ್ನನ್ನು ಲೀಡ್ಸ್ ನಗರದ ಹನ್ಸ್‌ಲೆಟ್ ಕಂಪನಿ ಉಚಿತವಾಗಿ ದುರಸ್ತಿ ಮಾಡಿತು. ಅದರ ಮುಖ್ಯಸ್ಥ ಜಾನ್ ಆಲ್ಕಾಕ್ ಸಂಘದ ಸದಸ್ಯರಾಗಿದ್ದರು.

ಆರಂಭದ ವರ್ಷಗಳ ಸ್ವಯಂಸೇವಕರಲ್ಲಿ ಒಬ್ಬ ಪಾದ್ರಿಯೂ ಇದ್ದರು. ಅವರ ಹೆಸರು ವಿಲ್ಬರ್ಟ್ ಆಡ್ರಿ. ‘ಥಾಮಸ್ ದ ಟ್ಯಾಂಕ್ ಎಂಜಿನ್’ ಕಥೆಗಳನ್ನು ಬರೆದವರು ಇವರೇ. ಟಾಲಿಲಿನ್‌ನಲ್ಲಿ ಗಾರ್ಡ್ ಆಗಿ ದುಡಿದ ಅನುಭವದಿಂದ ಅವರು ‘ಸ್ಕಾರ್ಲೋಯಿ’ ರೈಲಿನ ಕಥೆಗಳನ್ನು ಹೆಣೆದರು. ಆ ಕಥೆಗಳ ಸ್ಕಾರ್ಲೋಯಿ ಎಂದರೆ ‘ಟಾಲಿಲಿನ್’ ಎಂಜಿನ್, ರೇನಿಯಸ್ ಎಂದರೆ ‘ಡೋಲ್ಗೋಖ್’, ಸರ್ ಹ್ಯಾಂಡಲ್ ಎಂದರೆ ‘ಸರ್ ಹೇಡನ್’, ಪೀಟರ್ ಸ್ಯಾಮ್ ಎಂದರೆ ‘ಎಡ್ವರ್ಡ್ ಥಾಮಸ್’. ಟಿವಿಯಲ್ಲಿ ಈ ಪಾತ್ರಗಳನ್ನು ಕಂಡ ಮಕ್ಕಳು ಟವಿನ್‌ಗೆ ಹೋದರೆ ಅವುಗಳ ಮೂಲ ಎಂಜಿನ್‌ಗಳನ್ನು ಕೈಯಿಂದ ಮುಟ್ಟಬಹುದು.

ಸಂಘದ ಆಡಳಿತ ಕನ್ನಡ ಕೂಟಗಳ ಆಡಳಿತಕ್ಕಿಂತ ಬಹಳ ಬೇರೆಯದೇನಲ್ಲ. ಸದಸ್ಯರು ವಾರ್ಷಿಕ ಚಂದಾ ಕೊಡುತ್ತಾರೆ, ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತಾರೆ, ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ, ಲೆಕ್ಕಪತ್ರ ಕೇಳುತ್ತಾರೆ. ಮಹಾಸಭೆಗೆ ಬರುವವರಿಗಾಗಿ ಹಿಂದೆ ಲಂಡನ್ನಿನಿಂದ ಟವಿನ್‌ಗೆ ವಿಶೇಷ ರೈಲೇ ಓಡುತ್ತಿತ್ತು. ದಿನನಿತ್ಯದ ವ್ಯವಹಾರವನ್ನು ರೈಲು ಕಂಪನಿಯ ನಿರ್ದೇಶಕರೂ ಸಂಬಳದ ಕೆಲವೇ ನೌಕರರೂ ನೋಡಿಕೊಳ್ಳುತ್ತಾರೆ. ಉಳಿದ ಕೆಲಸವೆಲ್ಲ, ಟಿಕೆಟ್ ಕೊಡುವುದರಿಂದ ಹಿಡಿದು ಎಂಜಿನ್ ಓಡಿಸುವವರೆಗೆ, ಬಹುಪಾಲು ಸ್ವಯಂಸೇವಕರದು.

ಆದರೆ ಎಲ್ಲವೂ ಮತಕ್ಕೆ ಬರುವುದಿಲ್ಲ. ಮಾರ್ಗವನ್ನು ವಿಸ್ತರಿಸಬೇಕೇ, ಹೊಸ ಕಟ್ಟಡಕ್ಕೆ ಹಣ ಎತ್ತಬೇಕೇ ಎಂಬಂಥ ಪ್ರಶ್ನೆಗಳಲ್ಲಿ ಸದಸ್ಯರ ಮಾತಿಗೆ ಬೆಲೆಯಿದೆ. ಇಂದು ಈ ಬಾಯ್ಲರಿಗೆ ಬೆಂಕಿ ಹಾಕಬಹುದೇ ಎಂಬ ಪ್ರಶ್ನೆಯಲ್ಲಿ ಇಲ್ಲ. ಅದನ್ನು ಹೇಳಬೇಕಾದವರು ಅರ್ಹ ಪರೀಕ್ಷಕರು. ರೈಲು ಹೊರಡುವುದು ಗಾರ್ಡ್ ಹಸಿರು ಬಾವುಟ ಬೀಸಿದ ಮೇಲೆಯೇ. ಸಂಘದ ಅಧ್ಯಕ್ಷರು ಡಬ್ಬಿಯಲ್ಲಿ ಕುಳಿತಿದ್ದರೂ ಈ ನಿಯಮ ಬದಲಾಗದು. ಸಂಬಳವಿಲ್ಲ ಎಂದ ಮಾತ್ರಕ್ಕೆ ಶಿಸ್ತಿನಲ್ಲಿ ರಿಯಾಯಿತಿಯಿಲ್ಲ. ಬ್ರಿಟನ್ನಿನ ರೈಲು ಸುರಕ್ಷತೆಯ ಕಾನೂನು ಇವರಿಗೂ ಅನ್ವಯಿಸುತ್ತದೆ. ಎಂಜಿನ್ ಓಡಿಸುವ ಆಸೆಯಿಂದ ಬಂದವರು ಮೊದಲು ಬೂದಿ ಎತ್ತಿ, ಹಿತ್ತಾಳೆ ಉಜ್ಜಿ, ಎಣ್ಣೆ ಹಾಕಿ ಕಲಿಯಬೇಕು. ಆಮೇಲೆ ಪರೀಕ್ಷೆ ಗೆದ್ದು ಫೈರ್‌ಮನ್ ಆಗಬೇಕು. ಡ್ರೈವರ್ ಆಗುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ಮಕ್ಕಳಿಗೆಂದೇ ‘ಟ್ರ್ಯಾಕ್‌ಸೈಡರ್ಸ್’ ಎಂಬ ಗುಂಪಿದ್ದು, ಅವರು ತಮಗೆ ತಕ್ಕ ಕೆಲಸಗಳನ್ನು ದೊಡ್ಡವರ ಜೊತೆ ಮಾಡುತ್ತಾರೆ.

ದೊಡ್ಡ ತೀರ್ಮಾನಗಳಿಗೆ ಎಷ್ಟು ತಾಳ್ಮೆ ಬೇಕೆಂಬುದಕ್ಕೆ ಏಳನೆಯ ನಂಬರಿನ ಎಂಜಿನ್ ಸಾಕ್ಷಿ. ಐರ್ಲೆಂಡಿನಲ್ಲಿ ಇಂಧನವಾಗಿ ಉರಿಸುವ ಪೀಟ್ ಮಣ್ಣನ್ನು ಸಾಗಿಸಲು 1949ರಲ್ಲಿ ಕಟ್ಟಿದ್ದ ಎಂಜಿನ್ ಒಂದನ್ನು ಸಂಘ 1969ರಲ್ಲಿ ಕೊಂಡಿತು. ಅದರ ಅಳತೆ 3 ಅಡಿ. ಟಾಲಿಲಿನ್ ಹಳಿಗೆ ಅದು ಕೂರದು. ಬಿಚ್ಚಿ, ಉಪಯೋಗಕ್ಕೆ ಬರುವ ಭಾಗಗಳಿಂದ ಹೊಸ ಎಂಜಿನ್ ಕಟ್ಟುವ ಯೋಜನೆ ಹಾಕಿದರು. ಕೆಲಸ ಶುರುವಾದ ಮೇಲೆ ಹಣದ ಬಿಗಿಯಿಂದ ವರ್ಷಗಟ್ಟಲೆ ನಿಂತುಹೋಯಿತು. ಇರುವ ಹಣವನ್ನು ಓಡುತ್ತಿರುವ ಎಂಜಿನ್‌ಗಳಿಗೇ ಮೀಸಲಿಟ್ಟದ್ದು ಸರಿಯಾದ ನಿರ್ಧಾರವೇ. ಕೊನೆಗೆ 1991ರಲ್ಲಿ ಆ ಎಂಜಿನ್ ‘ಟಾಮ್ ರೋಲ್ಟ್’ ಎಂಬ ಹೆಸರಿನಿಂದ ಹಳಿಗಿಳಿಯಿತು. ಮಾರ್ಗದ ಕೊನೆಯ ತುಂಡು, ಹಿಂದೆ ಕಲ್ಲು ಮಾತ್ರ ಸಾಗುತ್ತಿದ್ದ ನಾಂಟ್ ಗ್ವೆರ್ನೋಲ್‌ವರೆಗಿನ ಹಾದಿ, ಪ್ರಯಾಣಿಕರಿಗೆ ತೆರೆದದ್ದೂ ಸಂಘ ಆರಂಭವಾಗಿ ಇಪ್ಪತ್ತೈದು ವರ್ಷಗಳ ಮೇಲೆ, 1976ರಲ್ಲಿ.

ಟವಿನ್ ವಾರ್ಫ್ ನಿಲ್ದಾಣದ ಕಟ್ಟಡದಲ್ಲೇ ನ್ಯಾರೋಗೇಜ್ ರೈಲು ಸಂಗ್ರಹಾಲಯವಿದೆ. 1950ರ ದಶಕದಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಂಪನಿ ಕೊಟ್ಟ ಪುಟ್ಟ ಎಂಜಿನ್ನಿನಿಂದ ಆರಂಭವಾದ ಈ ಸಂಗ್ರಹ, ಈಗ ಬ್ರಿಟಿಷ್ ದ್ವೀಪಗಳ ಕಿರುಹಳಿಗಳ ಚರಿತ್ರೆಯನ್ನೇ ಹೇಳುತ್ತದೆ. ಇದರ ಹೊಣೆ ಬೇರೆಯದೇ ಟ್ರಸ್ಟಿನದು. ಇಂದಿನ ಕಟ್ಟಡ 2005ರಲ್ಲಿ ತೆರೆಯಿತು. ಆಡ್ರಿಯವರ ಓದುವ ಕೋಣೆಯನ್ನು ಅವರದೇ ವಸ್ತುಗಳೊಂದಿಗೆ ಇಲ್ಲಿ ಮತ್ತೆ ಜೋಡಿಸಿಟ್ಟಿದ್ದಾರೆ.

ಓಡುವ ರೈಲಿನ ನ್ಯಾಯ ಒಂದು, ಸಂಗ್ರಹಾಲಯದ ನ್ಯಾಯ ಇನ್ನೊಂದು. ಓಡುವ ಎಂಜಿನ್ನಿಗೆ ಸವೆದ ಭಾಗಗಳನ್ನು ಬದಲಿಸಲೇಬೇಕು. ‘ಟಾಲಿಲಿನ್’ ಎಂಜಿನ್ 1950ರ ದಶಕದ ಕೊನೆಯಲ್ಲಿ ಮತ್ತೆ ಓಡಿದ್ದು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ ಮೇಲೆಯೇ. ಸಂಗ್ರಹಾಲಯದ ಎಂಜಿನ್ನಿನಲ್ಲಿ ಹಾಗೆ ಮಾಡಿದರೆ ಅದನ್ನು ಕಟ್ಟಿದವರ ಕೈಗುರುತು ಅಳಿಸಿಹೋಗುತ್ತದೆ. ಆದ್ದರಿಂದ ಅಲ್ಲಿ ಇದ್ದದ್ದನ್ನು ಇದ್ದಂತೆ ಕಾಪಾಡಬೇಕು. ದಾನವಾಗಿ ಬಂದದ್ದನ್ನೆಲ್ಲ ತೆಗೆದುಕೊಳ್ಳುವುದೂ ಸಲ್ಲ. ಚಿಕ್ಕ ಸಂಗ್ರಹಾಲಯಕ್ಕೆ ಜಾಗ ಕಡಿಮೆ. ತುಕ್ಕು ಹಿಡಿಯುವ ಕಬ್ಬಿಣವನ್ನು ನೋಡಿಕೊಳ್ಳುವ ಕೈಗಳೂ ಕಡಿಮೆ. ಪ್ರೀತಿಯಿಂದ ಕೊಡಲು ಬಂದವರಿಗೆ ಬೇಡವೆನ್ನುವುದು ಇಲ್ಲಿನ ಟ್ರಸ್ಟಿಗಳ ಅತ್ಯಂತ ಕಷ್ಟದ ಕೆಲಸ, ಅಷ್ಟೇ ಅಗತ್ಯದ ಕೆಲಸ.

ಕರ್ನಾಟಕದವರಿಗೆ ಪರಿಚಿತವಾದ ಮೈಸೂರಿನ ರೈಲು ಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ಅದು ಭಾರತೀಯ ರೈಲ್ವೆಯದು. ಅಲ್ಲಿ ಏನಿರಬೇಕು, ಯಾವುದನ್ನು ದುರಸ್ತಿ ಮಾಡಬೇಕು ಎಂಬುದನ್ನು ಇಲಾಖೆಯೇ ನಿರ್ಧರಿಸುತ್ತದೆ. ಇಲಾಖೆಯ ಬೆಂಬಲಕ್ಕೆ ಅದರದೇ ಆದ ಬಲವಿದೆ. ಟಾಲಿಲಿನ್‌ಗೆ ಅಂಥ ಬೆನ್ನಿಲ್ಲ. ಸದಸ್ಯರು ಬರುವುದು ನಿಂತರೆ ರೈಲೂ ನಿಲ್ಲುತ್ತದೆ.

ಟಾಲಿಲಿನ್ ತೋರಿದ ದಾರಿಯಲ್ಲಿ ವೇಲ್ಸಿನ ಫೆಸ್ಟಿನಿಯಾಗ್ ರೈಲು 1955ರಲ್ಲಿ, ಇಂಗ್ಲೆಂಡಿನ ಬ್ಲೂಬೆಲ್ ರೈಲು 1960ರಲ್ಲಿ ಸ್ವಯಂಸೇವಕರ ಕೈಯಲ್ಲಿ ಮತ್ತೆ ಓಡತೊಡಗಿದವು. 2021ರಲ್ಲಿ ಯುನೆಸ್ಕೊ ವಾಯವ್ಯ ವೇಲ್ಸಿನ ಸ್ಲೇಟು ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ರಿನ್ ಎಗ್ಲೂಯಿಸ್ ಗಣಿಯೂ ಟಾಲಿಲಿನ್ ರೈಲೂ ಅದರ ಭಾಗವಾದವು. ಬ್ರಿಟನ್ನಿನಲ್ಲಿರುವ ಕುಟುಂಬಗಳು ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು. ಟವಿನ್‌ಗೆ ರಾಷ್ಟ್ರೀಯ ರೈಲುಜಾಲದ ನಿಲ್ದಾಣವೂ ಇದೆ, ಅಲ್ಲಿಂದ ವಾರ್ಫ್ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಸಂಘದ ಸದಸ್ಯತ್ವ ಎಲ್ಲ ದೇಶದವರಿಗೂ ತೆರೆದಿದೆ.