ಹಿಮ್ಮಡಿಯ ಮುಳ್ಳು ಮತ್ತು ರಾಂಟ್‌ಜನ್ ಮೇಷ್ಟ್ರು

ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜನ್ ನಮ್ಮ ಲೆಕ್ಕದಲ್ಲಿ ಪಿಯುಸಿ ಪಾಸಾದವರಲ್ಲ. ಎಕ್ಸ್‌ರೇ ಕಂಡುಹಿಡಿದವರು, ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಡೆದವರು ಅಂತ ಎಲ್ಲರಿಗೂ ಗೊತ್ತು. ಶಾಲೆಯಿಂದ ಹೊರಹಾಕಿಸಿಕೊಂಡವರು ಅನ್ನುವುದು ನನಗೆ ಗೊತ್ತಾಗಿದ್ದು ಎಕ್ಸ್‌ರೇ ತಂತ್ರಜ್ಞಾನದ ಡಿಪ್ಲೊಮಾಗೆ ಸೇರಿದ ಮೇಲೆ. ಹುತ್ರಿದುರ್ಗದ ತಪ್ಪಲಿನಿಂದ ತುಮಕೂರಿಗೆ ಬಸ್ಸಿನಲ್ಲಿ ಓಡಾಡುವಾಗ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಯಾಕೆ ಅಷ್ಟು ಹಚ್ಚಿಕೊಂಡೆ ಅನ್ನುವುದಕ್ಕೆ ಅಮ್ಮನ ಹಿಮ್ಮಡಿಯೂ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ.

ಅವರು ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನೆಪ್ ಎಂಬ ಊರಲ್ಲಿ. ಅಪ್ಪ ಬಟ್ಟೆ ವ್ಯಾಪಾರಿ. ಮೂರು ವರ್ಷದವರಿದ್ದಾಗ ಮನೆಯವರು ಹಾಲೆಂಡಿಗೆ ಹೋದರು. ಯುಟ್ರೆಕ್ಟ್‌ನ ಶಾಲೆಯಲ್ಲಿ ಸಹಪಾಠಿಯೊಬ್ಬ ಮೇಷ್ಟ್ರ ವ್ಯಂಗ್ಯಚಿತ್ರ ಬರೆದ. ಸಿಕ್ಕಿಬಿದ್ದಿದ್ದು ಇವರು. ಬರೆದವನ ಹೆಸರು ಹೇಳಲಿಲ್ಲ, ಶಾಲೆ ಬಿಡಿಸಿದರು. ಪ್ರಮಾಣಪತ್ರ ಇಲ್ಲದವರನ್ನೂ ಪ್ರವೇಶ ಪರೀಕ್ಷೆಯ ಮೂಲಕ ತೆಗೆದುಕೊಳ್ಳುತ್ತಿದ್ದ ಜ್ಯೂರಿಕ್‌ನ ಪಾಲಿಟೆಕ್ನಿಕ್‌ಗೆ 1865ರಲ್ಲಿ ಸೇರಿದರು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1869ರಲ್ಲಿ ಡಾಕ್ಟರೇಟ್ ಬಂತು. ಆದರೂ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯ ಶಾಲೆಯ ಸರ್ಟಿಫಿಕೇಟ್ ಇಲ್ಲವೆಂದು ಅವರಿಗೆ ಪಾಠ ಮಾಡುವ ಅರ್ಹತೆ ಕೊಡಲಿಲ್ಲ. ಅದೇ ವಿಶ್ವವಿದ್ಯಾಲಯ 1888ರಲ್ಲಿ ಅವರನ್ನು ಪ್ರೊಫೆಸರ್ ಆಗಿ ಕರೆಯಿತು, 1894ರಲ್ಲಿ ರೆಕ್ಟರ್ ಮಾಡಿತು! ಮಾರ್ಕ್ಸ್ ಕಾರ್ಡ್ ಹಿಡಿದು ಅಲೆಯುವ ನಮ್ಮಂಥವರಿಗೆ ಈ ಭಾಗ ಓದುವಾಗ ಒಳಗೊಳಗೇ ಖುಷಿ.

ಇನ್ನೊಂದು ವಿಷಯ, ಅವರಿಗೆ ಬೆಟ್ಟ ಹತ್ತುವ ಹುಚ್ಚಿತ್ತು. ಆಲ್ಪ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಲ ಅಪಾಯಕ್ಕೂ ಸಿಕ್ಕಿದ್ದರಂತೆ. ನಮ್ಮ ಹುತ್ರಿದುರ್ಗ ಅವರಿಗೆ ಬೆಳಗಿನ ತಿಂಡಿಗೆ ಮುಂಚಿನ ಕೆಲಸವಾಗುತ್ತಿತ್ತೇನೋ.

1895ರ ನವೆಂಬರ್ 8, ಶುಕ್ರವಾರ ಸಂಜೆ. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹಾಯಿಸುವ ಪ್ರಯೋಗ ನಡೆದಿತ್ತು. ಕೊಳವೆಯನ್ನು ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿದ್ದರು. ಆದರೂ ಸ್ವಲ್ಪ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸಯನೈಡ್ ಬಳಿದ ತೆರೆ ಮಿನುಗಿತು. ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಇವರು ಬಾಗಿಲು ಹಾಕಿಕೊಂಡು ಸುಮಾರು ಏಳು ವಾರ ಪರೀಕ್ಷೆ ಮಾಡಿದರು. ಊಟ, ನಿದ್ದೆ ಎಷ್ಟೋ ದಿನ ಅಲ್ಲೇ. ಕಾಗದ ಇಟ್ಟು ನೋಡಿದರು, ದಪ್ಪ ಪುಸ್ತಕ, ಮರ, ಅಲ್ಯೂಮಿನಿಯಂ, ಸೀಸ. ಯಾವುದರಲ್ಲಿ ಎಷ್ಟು ತೂರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟರು. ಡಿಸೆಂಬರ್ 22ರಂದು ಹೆಂಡತಿ ಬರ್ತಾ ಅವರ ಕೈ ಇರಿಸಿ ಚಿತ್ರ ತೆಗೆದರು. ಉಂಗುರ ತೊಟ್ಟ ಎಲುಬಿನ ಬೆರಳು! ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದು ಒಂದೇ, ಆಯಮ್ಮ ಎಷ್ಟು ಹೊತ್ತು ಕೈ ಅಲ್ಲಾಡಿಸದೆ ಇಟ್ಟಿದ್ದಳು ಅಂತ. ಸುಮಾರು ಕಾಲು ಗಂಟೆ. ಈಗ ನಾವು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತೇವೆ.

ಕೈಯ ಕಥೆ ಎಲ್ಲರಿಗೂ ಗೊತ್ತು, ನನಗೆ ಪಾದದ ಕಥೆ ಇನ್ನೂ ಇಷ್ಟ. 1855ರಲ್ಲಿ ಪ್ರಷ್ಯಾ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್ ಒಂದು ವಿಚಿತ್ರ ಬರೆದಿಟ್ಟಿದ್ದರು. ದೂರ ದೂರ ನಡೆದ ಸೈನಿಕರ ಪಾದ ಊದಿಕೊಂಡು ನೋಯುತ್ತಿತ್ತು. ಬಿದ್ದಿಲ್ಲ, ಏಟು ತಿಂದಿಲ್ಲ. ನಿಜವಾದ ಕಾರಣ ನಾಲ್ಕು ದಶಕ ಸಿಗಲಿಲ್ಲ. ರಾಂಟ್‌ಜನ್ ಕಿರಣ ಬಂದ ಮೇಲೆ, 1897ರಲ್ಲಿ, ಸ್ಟೆಖೋವ್ ಎಂಬ ವೈದ್ಯ ಅಂಥ ಪಾದಗಳ ಚಿತ್ರ ತೆಗೆದಾಗ ಬೆರಳಿನ ಹಿಂದಿನ ಸಣ್ಣ ಎಲುಬುಗಳು ಮುರಿದದ್ದು ಕಂಡಿತು. ನಡೆದು ನಡೆದೇ ಎಲುಬು ಸೀಳಿತ್ತು. ಪೊಲೀಸ್ ನೇಮಕಾತಿಗೆ ಅಂತ ಡಾಂಬರು ರಸ್ತೆಯಲ್ಲಿ 1600 ಮೀಟರ್ ಓಡಿ ಅಭ್ಯಾಸ ಮಾಡುವ ಗೆಳೆಯರೇ, ಇದು ನಿಮಗೂ ಆಗಬಹುದು. ಇಂಥ ಸೀಳು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐ ಬೇಗ ಹಿಡಿಯುತ್ತದೆ. ಫಿಲ್ಮ್ ಚೆನ್ನಾಗಿದೆ ಅಂದಮಾತ್ರಕ್ಕೆ ನೋವು ಸುಳ್ಳಲ್ಲ.

ಈಗ ಅಮ್ಮ. ಬೆಳಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೇ ಎಡ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತೆ ನೋವು. ಗೋಡೆ ಹಿಡಿದು ಕೊಟ್ಟಿಗೆವರೆಗೆ ಹೋದರೆ ಸ್ವಲ್ಪ ಸಡಿಲ. ಎರಡು ವರ್ಷ ಹೀಗೇ. ಅಜ್ಜಿ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದೆಲೆ ಇಟ್ಟು ಶಾಖ ಕೊಟ್ಟರು. ವಾಯು ಅಂದವರುಂಟು, ಕೆಲಸ ತಪ್ಪಿಸುವ ನೆಪ ಅಂದವರೂ ಉಂಟು. ಕೊನೆಗೆ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಹಿಮ್ಮಡಿ ಎಲುಬಿನ ತಳದಲ್ಲಿ ಕಾರೆಮುಳ್ಳಿನಂಥ ಮೊನೆ. ಮೂಳೆ ಬೆಳೆದಿದೆ, ಆಪರೇಷನ್ ಮಾಡಿ ಕತ್ತರಿಸಬೇಕು ಅಂದರು. ಆ ಮುಳ್ಳು ಒಂದು ದಿನ ಚರ್ಮ ತೂರಿಕೊಂಡು ಆಚೆ ಬರುತ್ತದೆ ಎಂದೇ ಅಮ್ಮ ನಂಬಿದರು. ಬೆಟ್ಟದ ಮೇಲಿನ ಶಂಕರೇಶ್ವರನ ಗುಡಿಗೆ ಹತ್ತುವುದು ನಿಂತಿತು. ಇದ್ದ ಎರಡು ಹಸುಗಳಲ್ಲಿ ಒಂದನ್ನು ಮಾರುವ ಮಾತು ಶುರುವಾಯಿತು.

ಇನ್ನೊಬ್ಬ ಮೂಳೆ ವೈದ್ಯರು ಫಿಲ್ಮ್ ನೋಡುವ ಮೊದಲು ಪಾದ ನೋಡಿದರು. ಹಿಮ್ಮಡಿಯ ಒಳಬದಿಯಲ್ಲಿ ಹೆಬ್ಬೆರಳಿನಿಂದ ಒತ್ತಿದರು, ಅಮ್ಮ ಕಿರುಚಿದರು. ಆಮೇಲೆ ನೋವೇ ಇಲ್ಲದ ಬಲಗಾಲಿನ ಎಕ್ಸ್‌ರೇಯನ್ನೂ ತೆಗೆಸಿದರು. ನೋಡಿದರೆ ಅಲ್ಲೂ ಅಷ್ಟೇ ಉದ್ದದ ಮುಳ್ಳು! ಈ ಮುಳ್ಳಿಗೆ ಹೆಸರಿಟ್ಟಿದ್ದು 1900ರಲ್ಲಿ ಪ್ಲೆಟ್ನರ್ ಎಂಬ ಜರ್ಮನ್ ವೈದ್ಯ. ಅಂದಿನಿಂದ ಹಿಮ್ಮಡಿ ನೋವಿನ ಅಪವಾದವೆಲ್ಲ ಇದರ ತಲೆಗೇ. ನೋವಿಲ್ಲದ ಎಷ್ಟೋ ಕಾಲುಗಳಲ್ಲಿ ಇದಿರುತ್ತದೆ, ನೋವಿರುವ ಎಷ್ಟೋ ಕಾಲುಗಳಲ್ಲಿ ಇರುವುದಿಲ್ಲ. ಅಂಗಾಲಿನ ಉದ್ದಕ್ಕೂ ಹಿಮ್ಮಡಿಯಿಂದ ಬೆರಳುಗಳವರೆಗೆ ಬಿಗಿದಿರುವ ಗಟ್ಟಿ ಪಟ್ಟಿಯೊಂದಿದೆ, ಪ್ಲಾಂಟರ್ ಫೇಸಿಯಾ ಅಂತ. ಎಕ್ಸ್‌ರೇ ಎಲುಬನ್ನು ಚೆನ್ನಾಗಿ ತೋರಿಸುತ್ತದೆ, ಈ ಪಟ್ಟಿಯನ್ನು ಅಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಸಾಮಾನ್ಯವಾಗಿ ನಾಲ್ಕು ಮಿಲಿಮೀಟರಿನೊಳಗೆ ಇರಬೇಕಾದದ್ದು ಅಮ್ಮನ ಎಡಗಾಲಿನಲ್ಲಿ ಆರು ಮಿಲಿಮೀಟರ್ ಊದಿತ್ತು. ಅಂಗಾಲು, ಮೀನಖಂಡ ಎಳೆಯುವ ವ್ಯಾಯಾಮ, ಮೆತ್ತನೆ ಹಿಮ್ಮಡಿಯ ಚಪ್ಪಲಿ, ಬರಿಗಾಲಲ್ಲಿ ನಿಲ್ಲುವುದು ಕಡಿಮೆ. ಇಷ್ಟೇ ಚಿಕಿತ್ಸೆ. ಇದಕ್ಕೂ ತಿಂಗಳುಗಟ್ಟಲೆ ತಾಳ್ಮೆ ಬೇಕು. ಕತ್ತಿ ತಾಗಲಿಲ್ಲ, ಹಸು ಕೊಟ್ಟಿಗೆಯಲ್ಲೇ ಉಳಿಯಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಅಮ್ಮ ಈಗ ಗೋಡೆ ಹಿಡಿಯುವುದಿಲ್ಲ.

ಒಂದು ಕಾಲನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿದ ಆ ವೈದ್ಯರ ರೀತಿಯೇ ನನಗೆ ಮೇಷ್ಟ್ರ ಏಳು ವಾರವನ್ನು ನೆನಪಿಸಿದ್ದು. ಗೊತ್ತಿಲ್ಲದ ಕಿರಣಕ್ಕೆ ಅವರು ಎಕ್ಸ್ ಎಂದಷ್ಟೇ ಹೆಸರಿಟ್ಟರು. 1896ರ ಜನವರಿ 23ರ ಸಭೆಯಲ್ಲಿ ಕೋಲಿಕರ್ ಎಂಬ ಹಿರಿಯ ಅಂಗರಚನಾ ವಿಜ್ಞಾನಿಯ ಕೈಯನ್ನು ಎಲ್ಲರೆದುರು ಚಿತ್ರ ತೆಗೆದರು. ಅದಕ್ಕೆ ರಾಂಟ್‌ಜನ್ ಕಿರಣ ಎಂದು ಕರೆಯೋಣ ಎಂದಿದ್ದು ಕೋಲಿಕರ್. ಎಕ್ಸ್‌ರೇ ಬಗ್ಗೆ ಮೇಷ್ಟ್ರು ಬರೆದದ್ದು ಮೂರೇ ಪ್ರಬಂಧ. ಪೇಟೆಂಟ್ ಮಾಡಿಸಲಿಲ್ಲ. ಹೆಸರಿನ ಮುಂದೆ ಕುಲೀನರ ಬಿರುದು ಸೇರಿಸಿಕೊಳ್ಳಿ ಎಂದರೆ ಬೇಡವೆಂದರು. 1901ರ ನೊಬೆಲ್ ಹಣವನ್ನು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೇ ಬಿಟ್ಟರು. ಸರ್ಟಿಫಿಕೇಟ್ ಕೇಳಿ ವಾಪಸ್ ಕಳಿಸಿದ್ದ ಅದೇ ವಿಶ್ವವಿದ್ಯಾಲಯಕ್ಕೆ!

ಪೇಟೆಂಟ್ ಇಲ್ಲದ್ದರಿಂದ ಯಂತ್ರ ಬೇಗ ಹರಡಿತು. ಎಲ್ಲೆಲ್ಲಿಗೆ ಅಂದರೆ ಅಮೆರಿಕ, ಯುರೋಪಿನ ಚಪ್ಪಲಿ ಅಂಗಡಿಗಳಿಗೂ. ಮಕ್ಕಳ ಪಾದ ಹೊಸ ಬೂಟಿನಲ್ಲಿ ಸರಿ ಕೂತಿದೆಯೇ ಅಂತ ಎಕ್ಸ್‌ರೇಯಲ್ಲಿ ನೋಡುತ್ತಿದ್ದರು. ವಿಕಿರಣದ ಭಯ ಅರ್ಥವಾಗಿ ಅವು ಮೂಲೆ ಸೇರಿದ್ದು ಎರಡನೇ ಮಹಾಯುದ್ಧದ ನಂತರ. ಮೇಷ್ಟ್ರು ಮಾತ್ರ ಮೊದಲೇ ದೊಡ್ಡ ಸತುವಿನ ಪೆಟ್ಟಿಗೆಯೊಳಗೆ ನಿಂತು ಕೆಲಸ ಮಾಡಿದ್ದರು, ಫೋಟೋ ಪ್ಲೇಟು ಹಾಳಾಗದಿರಲಿ ಅಂತ. ಪ್ಲೇಟಿನ ಜೊತೆ ಅವರೂ ಉಳಿದರು.

1919ರಲ್ಲಿ ಬರ್ತಾ ತೀರಿಕೊಂಡರು. ಯುದ್ಧದ ನಂತರದ ಹಣದುಬ್ಬರದಲ್ಲಿ ಉಳಿತಾಯವೆಲ್ಲ ಕರಗಿತು. 1923ರ ಫೆಬ್ರುವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ಮೇಷ್ಟ್ರೂ ಹೋದರು. ಅವರ ಇಚ್ಛೆಯಂತೆ ಸಂಶೋಧನೆಯ ಕಾಗದಪತ್ರಗಳನ್ನು ಸುಟ್ಟರು. ಗೀಸೆನ್ ಊರಿನ ಹಳೆಯ ಸ್ಮಶಾನದಲ್ಲಿ ಅಪ್ಪ, ಅಮ್ಮ, ಬರ್ತಾ ಅವರ ಜೊತೆಗೆ ಅವರ ಸಮಾಧಿಯಿದೆ.