ತುರ್ಕಿಗೆ ಹೋದ ವೈದ್ಯಕೀಯ ತಂಡ ಮತ್ತು ಡಾ. ಅನ್ಸಾರಿ

ದೆಹಲಿಯ ಏಮ್ಸ್ ಆಸ್ಪತ್ರೆ ಇರುವ ಪ್ರದೇಶದ ಹೆಸರು ಅನ್ಸಾರಿ ನಗರ. ಅದು ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ ಅವರ ನೆನಪಿಗೆ ಇಟ್ಟ ಹೆಸರು. 1927ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಎಂದು ಇತಿಹಾಸ ಓದುವವರಿಗೆ ಅವರು ಗೊತ್ತು. ಅದಕ್ಕೂ ಹದಿನೈದು ವರ್ಷ ಮೊದಲು ಅವರು ಮಾಡಿದ ಒಂದು ಕೆಲಸವನ್ನು ವಿದ್ಯಾರ್ಥಿಗಳಾದ ನಾವು ತಿಳಿದಿರಬೇಕು.

ಅನ್ಸಾರಿ ಅವರು ಹುಟ್ಟಿದ್ದು 1880ರ ಡಿಸೆಂಬರ್ 25ರಂದು, ಈಗಿನ ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಯೂಸುಫ್‌ಪುರದಲ್ಲಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿ, ಹೈದರಾಬಾದ್ ನಿಜಾಮರ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಲಾಕ್ ಆಸ್ಪತ್ರೆಯಲ್ಲೂ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಆ ಕಾಲದಲ್ಲಿ ಒಬ್ಬ ಭಾರತೀಯನಿಗೆ ಅದು ಸುಲಭವಾಗಿ ಸಿಗುವ ಸ್ಥಾನವಾಗಿರಲಿಲ್ಲ. 1910ರಲ್ಲಿ ಊರಿಗೆ ಮರಳಿ, ದೆಹಲಿಯಲ್ಲಿ ವೈದ್ಯವೃತ್ತಿ ಆರಂಭಿಸಿದರು.

1912ರ ಅಕ್ಟೋಬರ್‌ನಲ್ಲಿ ಬಾಲ್ಕನ್ ಯುದ್ಧ ಶುರುವಾಯಿತು. ಬಲ್ಗೇರಿಯಾ, ಸರ್ಬಿಯಾ, ಗ್ರೀಸ್, ಮಾಂಟೆನೆಗ್ರೊ ಒಂದಾಗಿ ತುರ್ಕಿಯ ಮೇಲೆ ಯುದ್ಧಕ್ಕೆ ಇಳಿದವು. ಮನೆಮಠ ಬಿಟ್ಟ ಕುಟುಂಬಗಳು ಹೆಂಗಸರು, ಮಕ್ಕಳು, ಮುದುಕರನ್ನು ಎತ್ತಿನಗಾಡಿಗಳಲ್ಲಿ ಕೂರಿಸಿಕೊಂಡು ಇಸ್ತಾಂಬುಲ್‌ಗೆ ಬಂದವು. ಚಳಿಯ ಜೊತೆಗೆ ಕಾಲರಾ ಕೂಡ ಬಂತು. ಆಸ್ಪತ್ರೆಗಳು ಸಾಲದೆ ರೋಗಿಗಳನ್ನು ಮಸೀದಿಗಳಲ್ಲಿ ಮಲಗಿಸಬೇಕಾಯಿತು.

ದೆಹಲಿಯಲ್ಲಿ ಮೌಲಾನಾ ಮುಹಮ್ಮದ್ ಅಲಿ ಅವರು ತಮ್ಮ 'ಕಾಮ್ರೇಡ್' ಪತ್ರಿಕೆಯ ಮೂಲಕ ಚಂದಾ ಎತ್ತಿದರು. ಡಾ. ಅನ್ಸಾರಿ ವೈದ್ಯಕೀಯ ತಂಡದ ಮುಖ್ಯಸ್ಥರಾದರು. ಅವರ ವೃತ್ತಿ ಆಗಷ್ಟೇ ಕುದುರುತ್ತಿತ್ತು. ಅದನ್ನು ಬಿಟ್ಟು ಡಿಸೆಂಬರ್‌ನಲ್ಲಿ ಮುಂಬೈಯಿಂದ ಹಡಗು ಹತ್ತಿದರು. 1913ರ ಜುಲೈವರೆಗೆ ಅವರ ಬದುಕು ಗಾಯಾಳುಗಳ ನಡುವೆಯೇ ಸಾಗಿತು.

ಈ ತಂಡದಲ್ಲಿ ಎಲ್ಲರೂ ಡಾಕ್ಟರರಾಗಿರಲಿಲ್ಲ. ಅಲೀಗಢ ಕಾಲೇಜಿನಲ್ಲಿ ಓದುತ್ತಿದ್ದ ಯುವಕರೂ ಇದ್ದರು. ಅವರು ರೋಗಿಗಳ ಶುಶ್ರೂಷೆಗೆ ನಿಂತರು. ಪೇಶಾವರದ ಅಬ್ದುರ್ರಹಮಾನ್ ಎಂಬ ವಿದ್ಯಾರ್ಥಿ ಪ್ರಯಾಣದ ಖರ್ಚಿಗಾಗಿ ತನ್ನ ಸಾಮಾನುಗಳನ್ನೇ ಮಾರಿದನು. ತಂಡ ಹಿಂದಿರುಗಿದರೂ ಅವನು ಅಲ್ಲೇ ಉಳಿದನು. ಮುಂದೆ ಅದೇ ದೇಶದ ರಾಯಭಾರಿಯಾಗಿ ಅಫ್ಘಾನಿಸ್ತಾನಕ್ಕೆ ಹೋದನು.

ಸೇವೆ ಎಂದರೆ ವಿಜ್ಞಾನ ವಿಭಾಗದವರ ಕೆಲಸ, ಡಾಕ್ಟರ್ ಆದವರ ಕೆಲಸ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಈ ತಂಡಕ್ಕೆ ಚಂದಾ ಕೂಡಿಸುವವರು, ಅದರ ಲೆಕ್ಕ ಇಡುವವರು, ಹಾಸಿಗೆಯ ಪಕ್ಕ ರಾತ್ರಿ ಕೂರುವವರು ಎಲ್ಲರೂ ಬೇಕಾಗಿದ್ದರು. ಕಾಮರ್ಸ್ ಓದುವ ನಮಗೂ ಇಂಥ ಕೆಲಸದಲ್ಲಿ ಜಾಗ ಇದೆ.

ತುರ್ಕಿಯಿಂದ ಬಂದ ಮೇಲೂ ಅನ್ಸಾರಿ ಅವರು ಸುಮ್ಮನೆ ಕೂರಲಿಲ್ಲ. ಖಿಲಾಫತ್ ಚಳವಳಿಯಲ್ಲಿ ದುಡಿದರು. 1920ರಲ್ಲಿ ಆರಂಭವಾದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲಿ ಒಬ್ಬರಾದರು. 1928ರಿಂದ ಕೊನೆಯವರೆಗೆ ಅದರ ಕುಲಪತಿಯಾಗಿದ್ದರು. ಹಣವಿಲ್ಲದೆ ಜಾಮಿಯಾ ನರಳುತ್ತಿದ್ದ ದಿನಗಳು ಅವು. ದರಿಯಾಗಂಜ್‌ನ ಅವರ ಮನೆ 'ದಾರುಸ್ಸಲಾಮ್'ನಲ್ಲಿ ಗಾಂಧೀಜಿ ತಂಗುತ್ತಿದ್ದರು. 1935ರಲ್ಲಿ ಅವರ ಕರೆಯ ಮೇರೆಗೆ ತುರ್ಕಿಯ ಲೇಖಕಿ ಹಾಲಿದೆ ಎದೀಬ್ ಜಾಮಿಯಾಕ್ಕೆ ಬಂದು ಉಪನ್ಯಾಸ ನೀಡಿದರು.

1936ರ ಮೇ 10ರಂದು ಮಸ್ಸೂರಿಯಿಂದ ದೆಹಲಿಗೆ ಬರುವಾಗ ರೈಲಿನಲ್ಲೇ ಅನ್ಸಾರಿ ಅವರು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಜಾಮಿಯಾದ ನೆಲದಲ್ಲೇ ಅವರ ಕಬರ್ ಇದೆ. ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ.